ನೀರಿನ ಮಾದರಿಯ ಜೊತೆಗೆ ಚೀಟಿಯೂ ಬರಲಿ
(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬಾವಿಯ ನೀರನ್ನು ಪರೀಕ್ಷೆ ಮಾಡಿಸಿರೆಂದು ನಾವು ಮೇಲಿಂದ ಮೇಲೆ ಹೇಳುತ್ತೇವೆ. ಆದರೆ ಆ ನೀರು ಪ್ರಯೋಗಶಾಲೆಗೆ ಬರುವವರೆಗೆ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಬರೆದಿಡುವ ವಿಚಾರ ಹೇಳುವುದು ಕಡಿಮೆ. ಇಂದು ಅದನ್ನೇ ತಿಳಿಸಬಯಸುತ್ತೇನೆ.

ಕೆಲವು ವರ್ಷಗಳ ಹಿಂದೆ ಅಕ್ಕಪಕ್ಕದ ಜಮೀನಿನ ಇಬ್ಬರು ರೈತರ ಶೀಷೆಗಳು ಒಂದೇ ಚೀಲದಲ್ಲಿ ನನ್ನ ಬಳಿಗೆ ಬಂದವು. ಶಾಯಿಯಲ್ಲಿ ಬರೆದ ಚೀಟಿಗಳು ನೆನೆದು ಅಳಿಸಿದ್ದವು. ತಂದ ಹುಡುಗ ಹೇಳಿದಂತೆ ಹೆಸರು ಬರೆದುಕೊಂಡೆ. ಒಂದರಲ್ಲಿ ಉಳಿಕೆ ಸೋಡಿಯಂ ಕಾರ್ಬೊನೇಟ್ ಲೀಟರಿಗೆ 2.5 ಮಿಲಿ ಈಕ್ವಿವಲೆಂಟ್ ಮೀರಿತ್ತು. ಅಂತಹ ನೀರು ನೀರಾವರಿಗೆ ಯೋಗ್ಯವಲ್ಲ. ಇನ್ನೊಂದರಲ್ಲಿ 1.25ಕ್ಕಿಂತ ಕಡಿಮೆಯಿತ್ತು, ಅದು ನಿರಪಾಯಕಾರಿ. ವರದಿಗಳು ಅದಲುಬದಲಾದವು. ಒಳ್ಳೆಯ ನೀರಿದ್ದವರು ಜಿಪ್ಸಂಗೆ ಹಣ ಸುರಿದರು. ಕೆಟ್ಟ ನೀರಿದ್ದವರು ನಿಶ್ಚಿಂತೆಯಿಂದ ಹಾಯಿಸಿದರು. ಕ್ರಮೇಣ ಅವರ ಭೂಮಿ ಗಟ್ಟಿಯಾಗಿ ನೀರು ಇಂಗದಂತಾಯಿತು. ಮತ್ತೆ ಮಾದರಿ ತರಿಸಿದಾಗಲೇ ವಿಷಯ ತಿಳಿದದ್ದು. ಪರೀಕ್ಷೆ ತಪ್ಪಿರಲಿಲ್ಲ, ದಾಖಲೆ ತಪ್ಪಿತ್ತು. ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಆದ್ದರಿಂದ ಈ ಕ್ರಮ ಅನುಸರಿಸಿರಿ:

1. ಪಂಪನ್ನು 10-15 ನಿಮಿಷ ನಡೆಸಿದ ಮೇಲೆ, ಶುದ್ಧವಾದ ಒಂದು ಲೀಟರಿನ ಪ್ಲಾಸ್ಟಿಕ್ ಶೀಷೆಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಕಂಠಪೂರ್ತಿ ತುಂಬಿ ಮುಚ್ಚಳ ಬಿಗಿಯಿರಿ.

2. ರೈತರ ಹೆಸರು, ಗ್ರಾಮ, ಸರ್ವೆ ನಂಬರು, ತೆರೆದ ಬಾವಿಯೋ ಕೊಳವೆ ಬಾವಿಯೋ, ತಾರೀಖು, ವೇಳೆ, ಮಾದರಿ ತೆಗೆದವರ ಹೆಸರು, ಇಷ್ಟನ್ನೂ ಬಾವಿಯ ಬಳಿಯೇ ಬರೆಯಿರಿ. ಸೀಸದ ಕಡ್ಡಿಯಲ್ಲಿ ಬರೆದರೆ ನೆನೆದರೂ ಅಳಿಸದು. ಚೀಟಿಯನ್ನು ಮುಚ್ಚಳಕ್ಕಲ್ಲ, ಶೀಷೆಗೇ ಕಟ್ಟಿರಿ.

3. ಶೀಷೆ ಕೈ ಬದಲಾದಾಗಲೆಲ್ಲ ಕೊಟ್ಟವರು, ಪಡೆದವರು ಇಬ್ಬರೂ ತಾರೀಖು, ವೇಳೆ ಸಹಿತ ರುಜು ಹಾಕಬೇಕು. ರೈತ ಸಂಪರ್ಕ ಕೇಂದ್ರದ ಸಿಬ್ಬಂದಿಗೂ, ಪ್ರಯೋಗಶಾಲೆಯವರಿಗೂ ಇದು ಅನ್ವಯಿಸುತ್ತದೆ.

ವೇಳೆ ಏಕೆಂದು ಕೇಳಬಹುದು. ಶೀಷೆಯಲ್ಲಿ ಕೂತ ನೀರಿನ ರಸಸಾರ ಬದಲಾಗುತ್ತದೆ; ಸೂಕ್ಷ್ಮಜೀವಿಗಳಿಂದ ನೈಟ್ರೇಟಿನ ಪ್ರಮಾಣವೂ ಬದಲಾಗುತ್ತದೆ. ಮಾದರಿ ಎಷ್ಟು ಹೊತ್ತು, ಬಿಸಿಲಿನಲ್ಲೋ ತಂಪಿನಲ್ಲೋ ಇತ್ತೆಂಬುದು ತಿಳಿದರೆ ಮಾತ್ರ ಅಂಕಿಗೆ ಬೆಲೆ.

ಕಾರ್ಖಾನೆಯ ಕೊಳಚೆ ನೀರಿನ ವಿಷಯದಲ್ಲಿ ಕಾನೂನೇ ಹೀಗೆ ಹೇಳುತ್ತದೆ. 1974ರ ಜಲಮಾಲಿನ್ಯ ಕಾಯಿದೆಯ 21ನೆಯ ಕಲಮಿನಂತೆ, ಮಾಲಿನ್ಯ ನಿಯಂತ್ರಣ ಮಂಡಲಿಯವರು ನೋಟೀಸು ಕೊಟ್ಟು, ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಉಭಯತರ ರುಜು ಪಡೆಯಬೇಕು. ಈ ಕ್ರಮ ತಪ್ಪಿದರೆ ಆ ಪರೀಕ್ಷೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು.

ಹಣದ ಲೆಕ್ಕಕ್ಕೆ ರಶೀದಿ ಕೇಳುವ ನಾವು ನೀರಿನ ಲೆಕ್ಕಕ್ಕೂ ಕೇಳೋಣ. ನಿಮ್ಮ ಭೂಮಿಯ ಆರೋಗ್ಯ ಆ ಚೀಟಿಯಲ್ಲಿದೆ.