ಮದುವೆಗೆ ಲೆಕ್ಕ ಇತ್ತು, ಮನೆಗೆ ಇರಲಿಲ್ಲ

ನಮ್ಮೂರು ಬೀದರ್. ಮದುವೆಗೆ ಆರು ತಿಂಗಳು ತಯಾರಿ ಮಾಡಿದ್ವಿ. ಫಂಕ್ಷನ್ ಹಾಲ್, ಸೀರೆ, ಊಟ, ಎಲ್ಲಕ್ಕೂ ಪಟ್ಟಿ ಇತ್ತು. ಆಮೇಲೆ ಎಲ್ಲಿರೋದು, ಎಷ್ಟರಲ್ಲಿ ಇರೋದು ಅಂತ ಮಾತ್ರ ಒಂದು ಸಲವೂ ಕೂತು ಮಾತಾಡಿರಲಿಲ್ಲ.

ಹೈದರಾಬಾದಿಗೆ ಬಂದಾಗ ಕೈಯಲ್ಲಿದ್ದದ್ದು ಮುಯ್ಯಿ ದುಡ್ಡು ಅಷ್ಟೇ. ದಿಲ್‌ಸುಖ್‌ನಗರದಲ್ಲೇ ಮನೆ ನೋಡೋಣ ಅಂದ್ಕೊಂಡ್ವಿ. ಎಂಜಿಬಿಎಸ್ ಬಸ್ ನಿಲ್ದಾಣದಿಂದ ಮೆಟ್ರೋ ಹತ್ತಿದ್ರೆ ಮಲಕ್‌ಪೇಟ್, ನ್ಯೂ ಮಾರ್ಕೆಟ್, ಮೂಸಾರಾಂಬಾಗ್, ಆಮೇಲೆ ಅದೇ. ಊರಿಗೆ ಹೋಗಿಬರೋಕೆ ಸಲೀಸು.

ಮೂರು ಭಾನುವಾರ ಗಲ್ಲಿ ಗಲ್ಲಿ ಸುತ್ತಿ ‘ಟು ಲೆಟ್’ ಬೋರ್ಡ್ ನೋಡಿದ್ವಿ. ಬಾಲ್ಕನಿ ಇದ್ದ ಒಂದು ಮನೆ ನನಗೆ ಬಹಳ ಹಿಡಿಸ್ತು. ಇವರು ಮೆಟ್ಟಿಲ ಮೇಲೆ ನಿಂತು ಸಣ್ಣ ದನಿಯಲ್ಲಿ ಅಂದ್ರು: “ಮದುವಿ ಸಾಲದ ಕಂತು ಅದ. ನಿನಗ ಹೇಳಿರ್ಲಿಲ್ಲ.”

ಸಿಟ್ಟು ಬಂತು. ಸಾಲ ಮಾಡಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ. ಚಹಾ ಅಂಗಡಿಯಲ್ಲಿ ಕೂತು, ಬ್ಯಾಗಿನಲ್ಲಿ ಉಳಿದಿದ್ದ ಲಗ್ನಪತ್ರಿಕೆಯ ಹಿಂದೆ ಇಬ್ಬರ ಸಂಬಳ, ಕಂತು, ಬಾಡಿಗೆ ಬರೆದ್ವಿ. ಬಾಲ್ಕನಿ ಬಿಟ್ವಿ. ಒಂದೇ ರೂಮಿನ ಮನೆ ಹಿಡಿದ್ವಿ.

ಮದುವೆ ನಿಶ್ಚಯ ಆದವರಿಗೆ ನನ್ನದು ಒಂದೇ ಮಾತು. ಎಷ್ಟು ಜನಕ್ಕೆ ಊಟ ಅಂತ ಕೇಳೋ ಮೊದಲು, ಎಷ್ಟು ಸಾಲ ಅಂತ ಒಬ್ಬರನ್ನೊಬ್ಬರು ಕೇಳ್ಕೊಳ್ಳಿ.