ಮುದ್ದೇನಹಳ್ಳಿಯ ಮನೆ

ಉದ್ಯಮಪತಿಗಳ ಮನೆ ನೋಡಲು ಹೊರಟರೆ ಎತ್ತರದ ಕಂಬ, ಅಮೃತಶಿಲೆಯ ಮೆಟ್ಟಿಲು, ಕಾರಂಜಿಯ ತೋಟ ಕಣ್ಣಿಗೆ ಕಟ್ಟುವುದು ಸಹಜ. ಸೌಧವೆಂಬ ಮಾತು ಬಂದದ್ದು ಸುಧೆಯಿಂದ. ಸುಧೆಯೆಂದರೆ ಅಮೃತವೂ ಹೌದು, ಸುಣ್ಣವೂ ಹೌದು. ಸುಣ್ಣ ಬಳಿದದ್ದೆಲ್ಲ ಸೌಧವೆಂದು ಒಪ್ಪಿದರೆ ಮಾತ್ರ ಮುದ್ದೇನಹಳ್ಳಿಯ ಮನೆಗೆ ಆ ಹೆಸರು ಸಂದೀತು.

ಚಿಕ್ಕಬಳ್ಳಾಪುರದ ಹತ್ತಿರ, ನಂದಿಬೆಟ್ಟದ ನೆರೆಯ ಈ ಹಳ್ಳಿಯಲ್ಲಿ ಸಂಸ್ಕೃತ ವಿದ್ವಾಂಸರಾದ ಶ್ರೀನಿವಾಸಶಾಸ್ತ್ರಿಗಳ ಮಗನಾಗಿ ಹುಟ್ಟಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಜೀರ್ಣೋದ್ಧಾರವಾಗಿರುವ ಅವರ ಮನೆಯನ್ನು ಊರಿನವರು ಗುಡಿಯಂತೆ ಕಾಣುತ್ತಾರೆ. ಪಕ್ಕದ ಸ್ಮಾರಕದಲ್ಲಿ ಕನ್ನಂಬಾಡಿ ಕಟ್ಟೆಯ ಮಾದರಿಯಿದೆ, ಬಿರುದುಗಳಿವೆ. ನನ್ನ ಮನಸ್ಸು ನಿಂತದ್ದು ಸಣ್ಣ ಪದಾರ್ಥಗಳ ಮೇಲೆ: ಕನ್ನಡಕ, ಬಟ್ಟಲು, ಕೋಟು, ವಿಸಿಟಿಂಗ್ ಕಾರ್ಡು ಮುದ್ರಿಸುತ್ತಿದ್ದ ಒಂದು ಅಚ್ಚು. ತಮ್ಮ ಗುರುತಿನ ಚೀಟಿಯಲ್ಲೂ ಅಚ್ಚುಕಟ್ಟು ಬಯಸಿದ ಮನುಷ್ಯ! ಹೊರಗೆ, ಸಮಾಧಿಯ ಸುತ್ತ, ಎಲ್ಲರಿಗೂ ತೆರೆದ ಉದ್ಯಾನವಿದೆ.

ಜೊತೆಗಿದ್ದ ಭದ್ರಾವತಿಯ ಹುಡುಗನೊಬ್ಬ ಕೇಳಿದ: "ಸಾರ್, ಇವರ ಬಂಗಲೆ ಎಲ್ಲಿ?" ನ್ಯಾಯವಾದ ಪ್ರಶ್ನೆಯೇ. ಅವರ ಹೆಸರು ಹೊತ್ತ ಕಾರ್ಖಾನೆ ಅವನ ಊರಿನಲ್ಲಿದೆ. ಅಲ್ಲಿಂದ ಈ ಮನೆಗೆ ಬಂದದ್ದೇನು?

ಅದು ಮೈಸೂರು ಸರ್ಕಾರದ ಕಾರ್ಖಾನೆ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು ನೆಚ್ಚಿ 1923ರಲ್ಲಿ ಕುಲುಮೆ ಹೊತ್ತಿತು. ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ನಷ್ಟ ಬೆನ್ನಿಗೇ ಬಂತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಅದೇ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷರಾದರು. ದುಬಾರಿ ಸಂಬಳದ ವಿದೇಶೀ ತಜ್ಞರ ಜಾಗಕ್ಕೆ ನಮ್ಮವರನ್ನು ತಂದರು. 1929ರವರೆಗೆ ನಡೆಸಿ ಅದನ್ನು ತನ್ನ ಕಾಲ ಮೇಲೆ ನಿಲ್ಲಿಸಿದರು. ಅವರಿಗೆ ಸಲ್ಲಬೇಕಾದ ಸಂಭಾವನೆ ಸರ್ಕಾರದಲ್ಲೇ ಉಳಿದಿತ್ತು. ಅದನ್ನು ಹುಡುಗರಿಗೆ ಕಸುಬು ಕಲಿಸುವ ಶಾಲೆಗೆ ಕೊಡಿರೆಂದರು. ಬೆಂಗಳೂರಿನ ಆ ಶಾಲೆಗೆ ತಮ್ಮ ಹೆಸರು ಬೇಡವೆಂದು ಜಯಚಾಮರಾಜೇಂದ್ರ ಒಡೆಯರ ಹೆಸರು ಇಡಿಸಿದರು.

ಮನೆಗೆ ಬಂದದ್ದು ಏನೂ ಇಲ್ಲ. ಹುಡುಗನಿಗೆ ಹಾಗೆಯೇ ಹೇಳಿದೆ.

2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ನಿರ್ಧಾರ ಹೊರಬಿದ್ದಾಗ ಭದ್ರಾವತಿಯ ಕಾರ್ಮಿಕರು ಧರಣಿ ಕುಳಿತರು. ಅದೇ ವರ್ಷ ಕೆಲಸದ ಒಂದಂಶ ಮತ್ತೆ ಆರಂಭವಾಯಿತು. ಆ ಧರಣಿಯ ದಿನಗಳಲ್ಲಿ ಹುಡುಗನ ತಂದೆಯೂ ಗೇಟಿನ ಮುಂದೆ ಕೂತವರು.

ಶಿವಮೊಗ್ಗದ ಕಡೆಯಿಂದ ಮಕ್ಕಳನ್ನು ಮುದ್ದೇನಹಳ್ಳಿಗೆ ಕರೆದೊಯ್ಯುವವರು ದಾರಿಯಲ್ಲೇ ಸಿಗುವ ಆ ಗೇಟನ್ನು ಮೊದಲು ತೋರಿಸಿ, ಆಮೇಲೆ ಮನೆ ತೋರಿಸಲಿ.