ಮನೆಯ ಮರ ಬದುವಿನಲ್ಲಿ ಬೆಳೆಯಲಿ

(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಹೇಳಿದ್ದಾರೆ. ತಳಪಾಯಕ್ಕೂ ಗೋಡೆಗೂ ಹೇಗೋ ಹಣ ಒದಗುತ್ತದೆ. ಬಾಗಿಲು, ಕಿಟಕಿ, ತೊಲೆ, ಜಂತೆಗಳ ಹೊತ್ತಿಗೆ ಕೈ ಬರಿದಾಗಿರುತ್ತದೆ. ಆಗ ಪಟ್ಟಣಕ್ಕೆ ಹೋಗಿ ಸಾಲ ಹೇಳಿ ಹಸಿ ಮರ ತರುತ್ತೇವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲು ಸೊಟ್ಟಗಾಗುತ್ತದೆ, ಚೌಕಟ್ಟಿನ ಬುಡಕ್ಕೆ ಗೆದ್ದಲು ಹತ್ತುತ್ತದೆ. ಇತ್ತ ನಮ್ಮದೇ ಬದುವಿನ ಬೇವಿನ ಮರವನ್ನು ಸೌದೆ ವ್ಯಾಪಾರಿ ಹೇಳಿದ ಬೆಲೆಗೆ ಕೊಟ್ಟಾಗಿರುತ್ತದೆ. ಹೀಗೆ ಅಗ್ಗಕ್ಕೆ ಮರ ಮಾರಿ, ದುಬಾರಿಗೆ ಮರ ಕೊಳ್ಳುವ ನಷ್ಟವನ್ನು ತಪ್ಪಿಸುವುದು ಹೇಗೆ ಎಂಬುದೇ ಈ ದಿನದ ವಿಷಯ.

ಸಿಮೆಂಟು ಬಂದ ಮೇಲೆ ಮರದ ಕಾಲ ಮುಗಿಯಿತು ಎಂದು ಕೆಲವರು ತಿಳಿದಿದ್ದಾರೆ. ಹೊರದೇಶಗಳಲ್ಲಿ ಈಗ ನಡೆಯುತ್ತಿರುವುದು ಬೇರೆ. ನಾರ್ವೆ ದೇಶದಲ್ಲಿ 2019ರಲ್ಲಿ 18 ಅಂತಸ್ತಿನ, 85 ಮೀಟರು ಎತ್ತರದ ಕಟ್ಟಡವೊಂದು ಮುಗಿಯಿತು. ಅದರ ಮುಖ್ಯ ಕಂಬ, ತೊಲೆಗಳು ಮರದವು. ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಅವುಗಳನ್ನು ಮಾಡಿದ್ದಾರೆ. ಹೀಗೆ ಅಂಟಿಸುವುದರಿಂದ ಸಣ್ಣ ಮರಗಳಿಂದಲೂ ದೊಡ್ಡ ತೊಲೆ ಸಿದ್ಧವಾಗುತ್ತದೆ.

ಮರಕ್ಕೆ ಮತ್ತೆ ಮಾನ ಬರಲು ಕಾರಣವಿದೆ. ಸಿಮೆಂಟು ಮಾಡಲು ಸುಣ್ಣದ ಕಲ್ಲನ್ನು ಜೇಡಿಮಣ್ಣಿನೊಡನೆ ಸುಮಾರು 1450 ಡಿಗ್ರಿ ಕಾವಿನಲ್ಲಿ ಸುಡಬೇಕು. ಆಗ ಉರಿಸಿದ ಕಲ್ಲಿದ್ದಲಿನಿಂದಲೂ, ಸುಣ್ಣದ ಕಲ್ಲಿನೊಳಗಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಮನುಷ್ಯರು ಗಾಳಿಗೆ ಬಿಡುವ ಈ ಅನಿಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನಿಂದಲೇ ಬರುತ್ತದೆ. ಭೂಮಿಯ ಕಾವು ಏರುವುದಕ್ಕೂ ಮಳೆ ಹದ ತಪ್ಪುವುದಕ್ಕೂ ಇಂಥ ಅನಿಲಗಳೇ ಕಾರಣ. ಮರವಾದರೋ ಬೆಳೆಯುವಾಗ ಅದೇ ಅನಿಲವನ್ನು ಹೀರಿಕೊಳ್ಳುತ್ತದೆ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಪಾಲು ಇಂಗಾಲವೇ. ಆ ಮರವನ್ನು ಒಲೆಗಿಟ್ಟರೆ ಇಂಗಾಲ ಅಂದೇ ಗಾಳಿಗೆ ಹಿಂದಿರುಗುತ್ತದೆ. ಬಾಗಿಲು ಮಾಡಿದರೆ, ಬಾಗಿಲು ಇರುವಷ್ಟು ಕಾಲ ಅದರಲ್ಲೇ ಉಳಿಯುತ್ತದೆ.

ಆದರೆ ಒಂದು ಮಾತು ಮರೆಯಬಾರದು. ಕಾಡು ಕಡಿದು ತಂದ ಮರದಿಂದ ಈ ಪುಣ್ಯ ಬಾರದು. ಕಡಿದ ಜಾಗದಲ್ಲಿ ಇನ್ನೊಂದು ಬೆಳೆದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಆದುದರಿಂದ ಮನೆಯ ಮರ ನಮ್ಮ ಬದುವಿನಲ್ಲೇ ಬೆಳೆಯಬೇಕು.

ಎಷ್ಟು ಮರ ಹಿಡಿಸುತ್ತದೆ, ನೋಡಿ. ಚೌಕವಾದ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ. 15 ಅಡಿಗೊಂದರಂತೆ ನೆಟ್ಟರೆ 55 ಸಸಿ ಕೂರುತ್ತವೆ. ಬಯಲುಸೀಮೆಯ ಒಣ ಭೂಮಿಗೆ ಬೇವು ಒಳ್ಳೆಯದು. ಅದರ ಕೆಚ್ಚು ಕಹಿ. ಹುಳು ಸುಲಭವಾಗಿ ಹತ್ತದು. ನೀರಿನ ಆಸರೆಯಿದ್ದರೆ ಸಾಗುವಾನಿ, ಹಲಸು ನೆಡಬಹುದು. ಬೇಗ ಕೈಗೆ ಬರಬೇಕೆಂದರೆ ಹೆಬ್ಬೇವು, ಸಿಲ್ವರ್ ಓಕ್ ಇವೆ. ಮಳೆಗಾಲಕ್ಕೆ ಮೊದಲೇ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಮೊದಲ ಹದ ಮಳೆಗೆ ಸಸಿ ಕೂರಿಸಿರಿ. ಎರಡು ವರ್ಷ ದನಕರುಗಳಿಂದ ಕಾಪಾಡಿರಿ. ಕೆಳಗಿನ ಕೊಂಬೆ ಸವರುತ್ತಿದ್ದರೆ ಬೊಡ್ಡೆ ನೇರವಾಗುತ್ತದೆ, ಪೈರಿಗೆ ನೆರಳೂ ಕಡಿಮೆ. ಬೇರು ಪೈರಿನ ಕಡೆ ಹರಿಯದಂತೆ ಬದುವಿನ ಒಳಮಗ್ಗುಲಲ್ಲಿ ಎರಡಡಿ ಆಳದ ಕಾಲುವೆ ತೆಗೆಯಿರಿ. ಎಲ್ಲೆಯಿಂದ ಕೆಲವಡಿ ಒಳಗೇ ನೆಟ್ಟರೆ ನೆರೆಯವರೊಡನೆ ತಂಟೆಯಿಲ್ಲ. ಮಗು ಹುಟ್ಟಿದ ವರ್ಷ ನೆಟ್ಟ ಬೇವು, ಆ ಮಗುವಿನ ಮದುವೆಯ ಹೊತ್ತಿಗೆ ಚೌಕಟ್ಟಿಗೆ ಬರುತ್ತದೆ.

ಬೆಳೆಸುವುದು ಅರ್ಧ ಕೆಲಸ. ಹದ ಮಾಡುವುದು ಉಳಿದರ್ಧ. ಕಡಿದ ಕೂಡಲೇ ಕೊಯ್ಸಿ ಬಾಗಿಲು ಮಾಡಿದರೆ, ಒಣಗುತ್ತಾ ಮರ ಕುಗ್ಗುತ್ತದೆ, ಬಿರಿಯುತ್ತದೆ, ತಿರುಚುತ್ತದೆ. ಕೊಯ್ಸಿದ ಹಲಗೆಗಳನ್ನು ನೆರಳಿನಲ್ಲಿ, ನೆಲದಿಂದ ಒಂದಡಿ ಎತ್ತರದಲ್ಲಿ ಕಲ್ಲಿನ ಮೇಲೆ ಜೋಡಿಸಿರಿ. ಸಾಲು ಸಾಲಿನ ನಡುವೆ ಎರಡಡಿಗೊಂದು ಅಂಗುಲ ದಪ್ಪದ ಪಟ್ಟಿ ಇಡಿರಿ. ಪಟ್ಟಿಗಳು ಒಂದರ ನೇರಕ್ಕೆ ಒಂದಿರಲಿ. ಮೇಲೆ ಕಲ್ಲಿನ ಭಾರವಿರಲಿ. ತುದಿಗಳಿಗೆ ಡಾಂಬರು ಬಳಿದರೆ ಬಿರುಕು ಕಡಿಮೆ. ಹದಕ್ಕೆ ಬಂದುದನ್ನು ತಿಳಿಯುವುದು ಸುಲಭ: ಒಂದು ಹಲಗೆಯನ್ನು ತಿಂಗಳಿಗೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಬಡಗಿಯನ್ನು ಕರೆಯಿರಿ.

ಎಳೆಯ ಮರದಲ್ಲಿ ಕೆಚ್ಚು ಕಡಿಮೆ, ಹೊರಗಿನ ಬಿಳಿಯ ಭಾಗ ಹೆಚ್ಚು. ಹೊಲದಲ್ಲಿ ಬೆಳೆದ ಎಳೆ ಸಾಗುವಾನಿಯೂ ಇದಕ್ಕೆ ಹೊರತಲ್ಲ. ಹುಳು ಹತ್ತುವುದು ಈ ಬಿಳಿಯ ಭಾಗಕ್ಕೇ. ಇದಕ್ಕೆ ಒಂದು ಸುಲಭ ಉಪಾಯವಿದೆ. 100 ಲೀಟರು ನೀರಿಗೆ 3 ಕಿಲೋ ಬಿಳಿಗಾರ, 2 ಕಿಲೋ ಬೋರಿಕ್ ಆಮ್ಲ ಕರಗಿಸಿರಿ. ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಯೇ ತೊಟ್ಟಿಯಾಗುತ್ತದೆ. ಮರ ಹಸಿಯಿರುವಾಗಲೇ, ಒಣಗಿಸುವುದಕ್ಕೆ ಮೊದಲು, ಮುಳುಗಿಸಬೇಕು. ತೆಳು ಹಲಗೆ, ಸೀಳಿದ ಬಿದಿರು ಒಂದು ವಾರ ನೆನೆಯಲಿ. ದಪ್ಪ ಮರ ಇನ್ನೂ ಹೆಚ್ಚು ದಿನ. ಆ ನೀರನ್ನು ಮಕ್ಕಳೂ ದನಗಳೂ ಮುಟ್ಟದಂತೆ ಬೇಲಿ ಕಟ್ಟಿರಿ. ಕೆಲಸ ಮುಗಿದ ಮೇಲೆ ಹೊಲಕ್ಕಾಗಲಿ ಕೆರೆಗಾಗಲಿ ಬಿಡಬೇಡಿರಿ. ಈ ಉಪ್ಪು ಮಳೆಗೆ ತೊಳೆದುಹೋಗುವುದರಿಂದ, ಹೀಗೆ ಹದ ಮಾಡಿದ ಮರವನ್ನು ಮಾಡಿನ ಕೆಳಗೇ ಬಳಸತಕ್ಕದ್ದು.

ಹಳೆಯ ಮಾಳಿಗೆ ಮನೆಗಳನ್ನು ಒಮ್ಮೆ ನೋಡಿ. ಕಂಬದ ಬುಡ ನೆಲ ಮುಟ್ಟದೆ ಕಲ್ಲಿನ ಪೀಠದ ಮೇಲೆ ನಿಂತಿರುತ್ತದೆ. ತೇವ ಏರದಂತೆ, ಗೆದ್ದಲು ಬಂದರೂ ಕಣ್ಣಿಗೆ ಬೀಳುವಂತೆ ಮಾಡಿದ ಜಾಣತನವದು. ಹೊಸ ಮನೆಯಲ್ಲೂ ಇದನ್ನು ಬಿಡಬೇಡಿರಿ. ಎಲ್ಲವನ್ನೂ ಮರದಲ್ಲೇ ಮಾಡಿರಿ ಎಂದು ನಾನು ಹೇಳುತ್ತಿಲ್ಲ. ತಳಪಾಯಕ್ಕೆ ಕಲ್ಲು, ಗೋಡೆಗೆ ಮಣ್ಣು ಅಥವಾ ಇಟ್ಟಿಗೆ, ಬೇಕಾದಲ್ಲಿ ಸಿಮೆಂಟು ಇರಲಿ. ಮರ ಚೆನ್ನಾಗಿ ಮಾಡುವ ಕೆಲಸವನ್ನು ಮರಕ್ಕೇ ಬಿಡಿರಿ.

ಮರ ಕಡಿಯುವ ಮೊದಲು 1976ರ ಕರ್ನಾಟಕ ಮರ ಸಂರಕ್ಷಣಾ ಕಾಯಿದೆಯನ್ನು ನೆನೆಯಿರಿ. ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಸಾಗುವಾನಿಗೆ ಅನುಮತಿ ಬೇಕು. ಬೆಳೆಸಿದವರು ನಾವೇ ಆದರೂ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಯೇ ಕೊಡಲಿ ಹಾಕಬೇಕು. 2011-12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ವಿಚಾರವನ್ನೂ ಅಲ್ಲೇ ಕೇಳಿರಿ. ರಿಯಾಯಿತಿ ದರದ ಸಸಿಗೂ, ಬದುಕಿ ಉಳಿದ ಸಸಿಯ ಮೇಲೆ ಮೂರು ವರ್ಷ ಪ್ರೋತ್ಸಾಹಧನಕ್ಕೂ ಅದರಲ್ಲಿ ಅವಕಾಶವಿದೆ. ಹದ ಮಾಡುವ ವಿಚಾರದಲ್ಲಿ ಸಂಶಯವಿದ್ದರೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಬರೆಯಬಹುದು.

ಬಾಂಧವರೇ, ಬರುವ ಮುಂಗಾರಿಗೆ ಪ್ರತಿ ಮನೆಯವರೂ ಹತ್ತು ಸಸಿಯನ್ನಾದರೂ ನೆಡಿರಿ. ಇರುವ ಮರಕ್ಕೆ ಸೌದೆಯ ಬೆಲೆ ಕಟ್ಟುವ ಮೊದಲು ಊರಿನ ಬಡಗಿಗೆ ಒಮ್ಮೆ ತೋರಿಸಿರಿ. ಮುಂದೆ ನಮ್ಮ ಮಕ್ಕಳು ಮನೆ ಕಟ್ಟುವಾಗ ಬಾಗಿಲಿಗಾಗಿ ಸಾಲ ಮಾಡದಿದ್ದರೆ, ಇಂದು ತೋಡಿದ ಗುಂಡಿ ಸಾರ್ಥಕ.